ಮೂವತ್ತೆರಡನೆಯ ಚೀಟಿ

ಕೋಬರಿದ್ ಊರಿನ ನನ್ನ ಮನೆಯ ಮಹಡಿಯಲ್ಲಿ
ಮೂವತ್ತೊಂದು ಪಿಸ್ತೂಲುಗಳು ಹಸಿರು ಬನಾತಿನ ಮೇಲೆ
ಒಂದೇ ಮಗ್ಗುಲಿಗೆ ಮಲಗಿವೆ.
ಮುಟ್ಟುವ ಮುನ್ನ ಕೈ ತೊಳೆಯುತ್ತೇನೆ.
ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆ.
ಊಟಕ್ಕೂ ಇಷ್ಟು ಮಡಿಯಿಲ್ಲ ನಿನಗೆ
ಅನ್ನುತ್ತಾಳೆ ನನ್ನ ಮಿಲೋಯ್ಕಾ.

ಒಂದೊಂದಕ್ಕೂ ಒಂದೊಂದು ಚೀಟಿ.
ಯಾವ ದಳ, ಯಾವ ಗುಡ್ಡ, ಯಾವ ತಿಂಗಳು.
ಇದು ಕರ್ನ್ ಶಿಖರದಡಿ ಹಿಮ ಕರಗಿದಾಗ ಸಿಕ್ಕಿದ್ದು,
ಇದು ಸೋಚಾ ಹೊಳೆಯ ಮರಳಲ್ಲಿ, ತೊಗಲು ಚೀಲದ ಸಮೇತ,
ಇದು ಕಾಲು ಮುರಿದ ಹೇಸರಗತ್ತೆಗಳ ಹಣೆಗಷ್ಟೇ ಹಾರಿದ್ದು.
ಚೀಟಿಯಿಲ್ಲದ ಪಿಸ್ತೂಲು ಬರೀ ಕಬ್ಬಿಣ.
ಗುಜರಿಯವನಿಗೂ ನನಗೂ ನಡುವೆ ಇರುವುದು
ಅಂಗೈಯಗಲ ಕಾಗದ.

ಹೋದ ಅಕ್ಟೋಬರಿನಲ್ಲಿ ದ್ರೆಜ್ನಿತ್ಸಾದ ಪಾವ್ಲಾ ಮುದುಕಿ
ಬಸ್ಸಿಳಿದು ಬಂದಳು, ಆಲೂಗಡ್ಡೆ ಚೀಲ ಹೊತ್ತು.
ಚೀಲದ ತಳದಲ್ಲಿ ಎಂಟು ಗುಂಡಿನ ಗಾಸರ್ ರಿವಾಲ್ವರು,
ವಿಯೆನ್ನಾದ ಕೆಲಸ.
ದಳದ ಅಂಕೆ ಸವೆದಿತ್ತು, ನಾಲ್ಕೋ ಒಂದೋ.
ಹಿಡಿಯ ಬುಡದ ತುಂಬ ತಗ್ಗು, ತಗ್ಗಿನೊಳಗೆ ತಗ್ಗು.

ನನ್ನೊಳಗೆ ಚೀಟಿ ತಾನೇ ಬರೆದುಕೊಳ್ಳತೊಡಗಿತು:
ಗುಂಡು ಮುಗಿದ ಮೇಲೆ, ಕಂದಕದ ಕತ್ತಲಲ್ಲಿ,
ಉಸಿರಿಗೆ ಉಸಿರು ತಾಗುವಷ್ಟು ಹತ್ತಿರ
ಹಿಡಿ ತಿರುಗಿಸಿ ಬೀಸಿದ ಏಟು...

“ಅಕ್ರೋಟು ಕಣೋ” ಅಂದಳು ಪಾವ್ಲಾ.

ಶಿಬಿರದಿಂದ ಮರಳಿದಾಗ ಅವಳಜ್ಜಿಗೆ ಉಳಿದದ್ದು
ಮೂರು ಗೋಡೆ, ಒಂದು ಅಕ್ರೋಟು ಮರ.
ಬಾಗಿಲಿಲ್ಲ, ಸುತ್ತಿಗೆಯಿಲ್ಲ.
ಒಲೆಯ ಹಿಂದೆ ಯಾರೋ ಬಿಟ್ಟುಹೋದ ಇದು.
ಅಂದಿನಿಂದ ಪ್ರತಿ ಚಳಿಗಾಲ, ಹಬ್ಬದ ಕಡುಬಿನ ಹೂರಣಕ್ಕೆ
ಅಜ್ಜಿ ಕುಟ್ಟಿದಳು, ಅಮ್ಮ ಕುಟ್ಟಿದಳು,
ಪಾವ್ಲಾ ಕುಟ್ಟಿದಳು, ಮಗಳ ಕೈಗೂ ಕೊಟ್ಟಳು
ಅವಳಿಗೆ ಆರು ತುಂಬಿದ ವರ್ಷ.

ಹೇಗೆ ಹಿಡಿಯುತ್ತಿದ್ದಿರಿ ಎಂದೆ.
ತೋರಿಸಿದಳು: ಮುಷ್ಟಿಯಲ್ಲಿ ನಳಿಗೆ,
ನಳಿಗೆಯ ಬಾಯಿ ತನ್ನ ಹೊಟ್ಟೆಯ ಕಡೆಗೆ.

ಎಣ್ಣೆ ಬಿಟ್ಟೆ. ಕಾದೆ. ಪಕ್ಕದ ಕದ ತೆರೆದು
ಉರುಳೆಯನ್ನು ಒಂದೊಂದೇ ಮನೆ ತಿರುಗಿಸಿದೆ.
ಖಾಲಿ. ಖಾಲಿ. ಜೇಡನ ಗೂಡು. ಖಾಲಿ.
ಏಳನೆಯದರಲ್ಲಿ ಹಸಿರುಗಟ್ಟಿದ ಹಿತ್ತಾಳೆ,
ಸಿಡಿಯದ ಗುಂಡು.

ಪಾವ್ಲಾ ಬಹಳ ಹೊತ್ತು ಅದನ್ನೇ ನೋಡಿದಳು.
ಏಪ್ರನ್ನಿನ ಮೇಲೆ ಅಂಗೈ ಇಟ್ಟುಕೊಂಡಳು, ಹೊಕ್ಕುಳಿನ ಹತ್ತಿರ.
“ಮಗಳಿಗೆ ಹೇಳಬೇಡ” ಅಂದಳು.
ಆಮೇಲೆ, “ಅವಳ ಹೊಟ್ಟೆಯಲ್ಲಿ ಅವಳಿಗಳಿದ್ದ ವರ್ಷವೂ ಕುಟ್ಟಿದ್ದಳು.”

ಎಷ್ಟು ಕೊಡಲಿ ಎಂದೆ.
ಸುತ್ತಿಗೆ ಕೊಡು ಸಾಕು ಎಂದಳು.
ಅಡುಗೆಮನೆಯದನ್ನೇ ಕೊಟ್ಟು ಕಳಿಸಿದೆ.
ಗುಂಡನ್ನು ಪೊಲೀಸರು ಬಂದು ಮರಳು ತುಂಬಿದ ಬಕೀಟಿನಲ್ಲಿ ಒಯ್ದರು,
ರಸೀತಿಯಲ್ಲಿ ‘ಒಂದು’ ಎಂದು ಬರೆದರು.

ಮೂವತ್ತೊಂದು ಚೀಟಿಗಳನ್ನು ಮತ್ತೆ ಓದಿದೆ.
ಗುಡ್ಡಗಳ ಹೆಸರಿದೆ, ದಳಗಳ ಅಂಕೆಯಿದೆ.
ಮೂವತ್ತೆರಡನೆಯದರ ಮೇಲೆ ಪೆನ್ಸಿಲ್ಲಿನಲ್ಲಿ
ನಾಲ್ಕು ಹೆಂಗಸರ ಹೆಸರು ಬರೆದೆ, ಅಳಿಸಿದೆ.
ಹೇಳಬೇಡ ಅಂದಿದ್ದಾಳಲ್ಲ.

ನಮ್ಮ ಮನೆಯಲ್ಲೀಗ ಸುತ್ತಿಗೆಯಿಲ್ಲ.
ಮಿಲೋಯ್ಕಾ ಬಾಗಿಲ ಸಂದಿಯಲ್ಲಿಟ್ಟು ಅಕ್ರೋಟು ಒಡೆಯುತ್ತಾಳೆ, ಫಟ್ಟೆಂದು,
ನನ್ನನ್ನು ಬೈಯುತ್ತ.