ಹಿಂದಿನ ಸೀಟಿನ ತೂಕ

ಬೈಕು ಕೊಂಡದ್ದು ಹಳೇದು. ಹಿಂದಿನ ಯಜಮಾನ
ಸೈಲೆನ್ಸರ್ ಬದಲಿಸಿದ್ದ, ಏರ್ ಫಿಲ್ಟರ್ ಕಿತ್ತು
ಬಾಯಿ ದೊಡ್ಡದು ಮಾಡಿಟ್ಟಿದ್ದ.
ಹೊಟ್ಟೆಗೆ ಮಾತ್ರ ಮೊದಲಿನಷ್ಟೇ ಅನ್ನ.

ಅದಕ್ಕೇ ಇರಬೇಕು, ನಂದಿ ಕ್ರಾಸ್ ದಾಟಿ ಥ್ರಾಟಲ್ ಬಿಟ್ಟರೆ
ಪಟಪಟ ಬೈಗುಳ.
ಮೂರು ಸಾವಿರ ಆರ್‌ಪಿಎಂಗೆ ಒಂದು ತಡವರಿಕೆ,
ಮಾತಿನ ಮಧ್ಯೆ ನೆಂಟರ ಹೆಸರು ಮರೆತವರ ಹಾಗೆ.
ಮೊಣಕಾಲಿಗೆ ಕಾವು,
ನನ್ನ ರೀಲಿಂಗ್ ಬೇಸಿನ್ನಿನ ಮುಂದೆ ಕೂತಷ್ಟೇ.

ಟ್ಯೂನರ್ ಹಾಕಿಸು ಅಂದರು.
ಯಾವುದು? ಅದನ್ನು ಹೇಳುವವರು
ಶಿಡ್ಲಘಟ್ಟದ ಮಾರ್ಕೆಟ್ಟಿನ ಗೂಡಿಗಿಂತ ಹೆಚ್ಚು.
ಗೂಡಾದರೆ ಕಿವಿಗೆ ಹಿಡಿದು ಅಲ್ಲಾಡಿಸಿ
ಒಳಗಿನ ಹುಳು ತಟ್ಟುವುದು ಕೇಳಿ ಲಾಟು ಕೊಳ್ಳುವವಳು ನಾನು.
ಇದನ್ನು ಹೇಗೆ ಅಲ್ಲಾಡಿಸಲಿ?

ಒಂದು, ಬೆರಳುದ್ದದ ಡಬ್ಬಿ. ಮೂರು ಸಾವಿರದೊಳಗೆ.
ಹೊಗೆ ಮೂಸುವ ಸೆನ್ಸರಿಗೂ ಗಾಡಿಯ ತಲೆಗೂ ನಡುವೆ ಕೂತು
ಮೂಗು ಹೇಳಿದ್ದನ್ನು ತಿರುಚಿ ಮುಟ್ಟಿಸುತ್ತದಂತೆ:
"ಸಾಲದು, ಇನ್ನೂ ಪೆಟ್ರೋಲು ಹಾಕು."
ಸುಳ್ಳಾದರೇನು ಮೇಡಂ, ಕೆಲಸ ಆಗುತ್ತಲ್ಲ.
ಹರಾಜಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದೇನೆ,
ದಲ್ಲಾಳಿ ಪಿಸುಗುಟ್ಟಿದ ಎಂದು
ಒಂದು ರೂಪಾಯಿ ಏರಿಸಿದವಳಲ್ಲ.

ಇನ್ನೊಂದು, ಹೊರದೇಶದ್ದು. ಸೀಟಿನಡಿ ಮಲಗಿ
ಇಂಜೆಕ್ಟರಿನ ಗುಟುಕು ಗುಟುಕನ್ನೂ ಅಳೆಯುವುದು.
ಇಪ್ಪತ್ತೆರಡು ಸಾವಿರ.
ಜೊತೆಗೆ ಬರುವ ನಕ್ಷೆ
ಯಾವ ಊರಿನ ಗಾಳಿಯಲ್ಲಿ ಬರೆದದ್ದೋ,
ಅಲ್ಲಿ ನಮ್ಮ ಕ್ರಷರಿನ ಧೂಳು ಇದೆಯೋ ಇಲ್ಲವೋ.

ಕಂಪ್ಯೂಟರಿನೊಳಗಿನ ಬರಹವನ್ನೇ ಅಳಿಸಿ
ಹೊಸದು ಬರೆಯುವವನೂ ಒಬ್ಬ ಸಿಕ್ಕಿದ, ಹೊಸಕೋಟೆಯಲ್ಲಿ.
"ಎಷ್ಟು ಹಾರ್ಸ್‌ಪವರ್ ಬೇಕು ನಿಮಗೆ?"
ಕಟ್ಟಿಹಾಕೋಕೆ ಮನೇಲಿ ಜಾಗ ಇಲ್ಲಪ್ಪ ಅಂದೆ.
ನಗಲಿಲ್ಲ.

ಚಿಂತಾಮಣಿಯ ಇಮ್ದಾದ್
ಗಾಡಿ ಸ್ಟಾರ್ಟೇ ಮಾಡಿಸಲಿಲ್ಲ.
ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ.
ಸುಣ್ಣದ ಬಿಳಿ. "ಹಸಿದಿದೆ ಪಾಪ."
ಮಗಳದ್ದಿರಬೇಕು, ನಾಲ್ಕು ಗೆರೆಯ ಕಾಪಿಪುಸ್ತಕ ತೆಗೆದು
ಎಲ್ಲಿಗೆ ಹೋಗ್ತೀರ? ಧನುಷ್ಕೋಡಿಗೆ.
ಪೆಟ್ಟಿಗೆ? ಪಕ್ಕಕ್ಕೆರಡು, ಹಿಂದೊಂದು.
ಹಿಂದೆ ಕೂರೋದು ಯಾರು? ನಮ್ಮಕ್ಕ.
ತೂಕ?

ಎಪ್ಪತ್ತು, ಅಂದೆ.
ಅಕ್ಕನ ಮರ್ಯಾದೆ ನನ್ನ ಕೈಲಿದೆಯಲ್ಲ.

ಬೆಂಚಿನ ಮೇಲೆ ಬೋಂಡಾ ತಿನ್ನುತ್ತಿದ್ದ ಅಶ್ವತ್ಥಮ್ಮ
ಬಾಯಿ ಕೂಡ ಒರೆಸಿಕೊಳ್ಳದೆ
"ಎನಭೈ ರೆಂಡು. ರಾಸ್ಕೋ ಬಾಬೂ" ಅಂದಳು.

ಬರೆದುಕೊಂಡ: ೮೨. ಅಡಿಗೆ ಎರಡು ಗೆರೆ.
ಯಾವ ಟ್ಯೂನರ್ ಎಂದು ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ,
ನಾನು ಆರಿಸಿಯಾಗಿತ್ತು.

ಹೊರದೇಶದ ಪೆಟ್ಟಿಗೆಯೇ ಆಯಿತು ಕೊನೆಗೆ.
ಅದರ ನಕ್ಷೆ ಅಳಿಸಿ, ಸೈಲೆನ್ಸರಿಗೆ ಹೊಸ ಮೂಗು ಸಿಗಿಸಿ,
ಪೆಟ್ಟಿಗೆಗಳಿಗೆ ಕಲ್ಲುಪ್ಪು ತುಂಬಿ
ಕೈವಾರಕ್ಕೆ ಹೋಗಿಬನ್ನಿ ಅಂದ.
ಅಂಕಿ ತೋರಿಸುವ ಯಂತ್ರ ಅಕ್ಕನ ಮಡಿಲಲ್ಲಿ.
ಹೆಲ್ಮೆಟ್ಟಿಗೆ ಬಾಯಿಟ್ಟು ಕೂಗುತ್ತಾಳೆ,
"ಹದಿನೈದೂ ಚಿಲ್ಲರೆ! ಏರಿತು! ಹದಿನಾರು!
ಅಯ್ಯೋ, ಗಾಳಿಯೇ ತಿಂತಿದೆ ಕಣೇ ಇದು!"
ಐದು ಸಲ ಹೋಗಿಬಂದೆವು. ಪ್ರತಿ ಸಲವೂ
ಇಮ್ದಾದ್ ಒಂದೊಂದು ಚೌಕ ತಿದ್ದಿದ,
ಬೇಸಿನ್ನಿನ ನೀರಿಗೆ ನಾನು ಬೆರಳದ್ದಿ ನೋಡುವ ಹಾಗೆ:
ಬಿಸಿ ಹೆಚ್ಚಾದರೆ ಎಳೆ ಸಿಕ್ಕು, ಕಮ್ಮಿಯಾದರೆ ತುಂಡು.

ಈಗ ತಡವರಿಕೆ ಇಲ್ಲ. ಮೊಣಕಾಲು ತಣ್ಣಗೆ, ಅಂದರೆ ಸುಮಾರಾಗಿ.
ಇಳಿಜಾರಿನಲ್ಲಿ ಒಂದೇ ಒಂದು ಪಟ್ ಉಳಿದಿದೆ.
ಅದನ್ನೂ ತೆಗೆಯಬಹುದು, ಪೆಟ್ರೋಲು ದಂಡ, ಅಂದ.
ಇರಲಿ ಬಿಡು ಅಂದೆ.

ಯಂತ್ರ ವಾಪಸು ಕೊಟ್ಟು ವಾರವಾಯಿತು.
ಮಧುರೆಯ ಬೈಪಾಸಿನಲ್ಲಿ, ಖಾಲಿ ಮಡಿಲು ನೋಡಿಕೊಂಡು,
ಅಕ್ಕ ಈಗಲೂ ಕೂಗುತ್ತಾಳೆ:
"ಹದಿಮೂರೂವರೆ. ಚೆನ್ನಾಗಿದೆ. ನಡಿ."