ರೈತನ ಹಾಳಿ

ದುರ್ಗದ ಬೈಲಿನ ಹಿಂದ, ಮೂರನೇ ಸಂದಿಯೊಳಗ
ನಮ್ಮ ನಾಟಕದ ಸಾಮಾನಿನ ಅಂಗಡಿ.
ರಾಜರು ಹದಿನೇಳು ಮಂದಿ, ಗೂಟಕ್ಕ ಜೋತು ಬಿದ್ದಾರ.
ರಾಣಿಯರು ಒಂಬತ್ತು. ಒಬ್ಬಾಕಿಯ ಜರಿ ಇಲಿ ತಿಂದೈತಿ.
ಮಂತ್ರಿ, ದಂಡನಾಯಕ, ಎರಡು ಡಬ್ಬಿ ತುಂಬ ಮೀಸಿ,
ಬೇಗಡಿ ಹಚ್ಚಿದ ಗದೆ.

ಹೊಂಬಳ ಟೀಚರ್ ಬಂದು ಕೇಳಿದರು:
"ಸಾವಿರ ವರ್ಷದ ಹಿಂದಿನ ರೈತರು ಬೇಕ್ರಿ, ನಾಲ್ಕು ಮಂದಿ.
ಐದನೇತ್ತೆ ಹುಡುಗರ ಅಳತಿ. ಶನಿವಾರಕ್ಕ."

ಅಪ್ಪನ ಕಾಲದ ರಿಜಿಸ್ಟರ್ ತಿರುವಿದೆ.
ಕಿರೀಟದ ಹಾಳಿ ಐತಿ, ಗಡ್ಡದ ಹಾಳಿ ಐತಿ,
ಹನುಮಪ್ಪನ ಬಾಲಕ್ಕ ಬ್ಯಾರೇನ ಒಂದು ಹಾಳಿ.
ರೈತನ ಹಾಳಿ ಇಲ್ಲ.
ನಲವತ್ತೆರಡು ವರ್ಷದಾಗ ಯಾರೂ ಕೇಳಿಲ್ಲ.

ಹಸಿರು ಟವೆಲ್ ಕೊಟ್ಟು ಕಳಿಸಬಹುದಿತ್ತು.
ಆದರ ಆ ಸಾವಿರ ವರ್ಷ ಅನ್ನೋ ಮಾತು
ಮುರದ ಸೂಜಿ ಹಂಗ ಅರಿವಿಯೊಳಗ ಉಳೀತು,
ಕುಂತಲ್ಲೆ ನಿಂತಲ್ಲೆ ಚುಚ್ಚತಿತ್ತು.
ಮರುದಿನ ಹಾವೇರಿ ಬಸ್ ಹತ್ತಿದೆ.

ಗುಡಿಯ ಪಕ್ಕ ವೀರಗಲ್ಲು.
ಕೆಳಗಿನ ಪಟ್ಟಿಯೊಳಗ ತುರು ಬಿಡಿಸಿಕೊಳ್ಳಾಕ ಬಡಿದಾಡಾವ
ಸೊಂಟಕ್ಕ ಒಂದು ತುಂಡು ಬಿಗದಾನ, ಅಷ್ಟ.
ಮೇಲಿನ ಪಟ್ಟಿಯೊಳಗ ಅವನ, ಸ್ವರ್ಗದಾಗ ಕುಂತು,
ಕೊರಳ ತುಂಬ ಹಾರ, ತೋಳಿಗೆ ಬಳಿ.
ಸತ್ತ ಮ್ಯಾಲೆ ಡ್ರೆಸ್ ಬದಲಿ!
ನಮ್ಮ ಧಂದೆ ಭಾಳ ಹಳೇದು ಅಂತ ನಕ್ಕೆ.

ಆಮ್ಯಾಲೆ ಕಂಡ ಅವ,
ದನಗಳ ಹಿಂದ, ಕಲ್ಲಿನ ಅಂಚಿಗೆ,
ಹೆಬ್ಬೆರಳಿನಷ್ಟು ಎತ್ತರ.
ವೀರ ಅಲ್ಲ, ಸ್ವರ್ಗಕ್ಕ ಹೋಗಾಂವ ಅಲ್ಲ.
ಶಿಲ್ಪಿ ಅವನ ಮೈಮ್ಯಾಲೆ ಖರ್ಚು ಮಾಡಿದ್ದು
ಉಳಿಯ ಎರಡು ಗೀರು.
ಟೇಪು ಹಿಡಿದೆ. ಅಳತಿ ಬರಕೊಳ್ಳಾಕ ಹೆಸರು ಬೇಕಲ್ಲ,
ಕೇತ ಅಂತ ಇಟ್ಟೆ.

ಬಸ್ಸಿನ್ಯಾಗ ಕೂತು ಆ ಎರಡು ಗೀರು ಬಿಚ್ಚಿದೆ.
ಏಳು ಮೊಳ ಇರಬೇಕು.
ಎರಿ ಹೊಲದ ಹತ್ತಿ, ಬಾಚವ್ವೆ ನೂತ ನೂಲು,
ನೇದವನಿಗೆ ಎರಡು ಕೊಳಗ ಜ್ವಾಳ.
ಬಣ್ಣ? ಎರಿಮಣ್ಣ ಬಣ್ಣಗಾರ, ಕೂಲಿ ಕೇಳಲಿಲ್ಲ.
ಮುಂಜಾನೆ ಸೊಂಟಕ್ಕ, ಬಿಸಿಲಿಗೆ ತಲಿಗೆ,
ಸುಗ್ಗಿಯೊಳಗ ಕಾಳಿನ ಗಂಟು, ರಾತ್ರಿ ಹೊದಿಕಿ.
ಕಂಬಳಿ ಮನಿಗೆಲ್ಲ ಒಂದ,
ಅದೂ ಕೆಮ್ಮೋ ಮುದುಕಿಯ ಪಾಲು.
ಕಿಸೆ ಇಲ್ಲ. ಇಡಾಕ ಏನಿತ್ತು?
ಗುಂಡಿ ಇಲ್ಲ, ಹೊಲಿಗಿ ಇಲ್ಲ. ಹರದಲ್ಲೆ ಗಂಟು.
ನಾವು ಸಿಂಪಿಗರು ಆಗ ಏನು ಮಾಡತಿದ್ದೆವೋ
ನನಗಂತೂ ತಿಳೀಲಿಲ್ಲ.

ಪೂರ್ತಿ ಹರದ ಮ್ಯಾಲೆ ಕೂಸಿನ ಕೆಳಗ ಹಾಸಿರಬೇಕು,
ಕೊಡದ ಕೆಳಗಿನ ಸಿಂಬಿ ಆಗಿರಬೇಕು.
ಕಡೀಕ ಒಂದು ಬತ್ತಿ.
ಅದಕ್ಕ ಯಾವ ಮ್ಯೂಸಿಯಮ್ಮಿನ್ಯಾಗೂ ಕೇತನ ಅರಿವಿ ಇಲ್ಲ.
ಅದರ ಬೆಳಕಿನ್ಯಾಗ ಒಂದಿನ
ಅವರು ಉಂಡು ಮಲಗಿದರು.

ಮನಿಗೆ ಬಂದು ಅಪ್ಪನ ಧೋತರ ತಗದೆ.
ನಾಲ್ಕು ತುಂಡು ಮಾಡಿದೆ. ಅಂಚು ಮಡಿಸಿ ಹೊಲಿಯಾಕ
ಕೈ ತಾನ ಮಷೀನಿನ ಕಡೆ ಹೋತು, ತಡದೆ.
ಪ್ಲಾಸ್ಟಿಕ್ ಚೀಲದಾಗ ತಂದಿದ್ದ ಎರಿಮಣ್ಣು ಕಲಸಿ
ಒಂದು ರಾತ್ರಿ ನೆನಿಹಾಕಿದೆ.

ಶನಿವಾರ ಡಿಸೆಂಬರದ ಥಂಡಿ.
ದಾವಲ ಅನ್ನೋ ಹುಡುಗ ತಿರುಗಿಸಿ ಮುರುಗಿಸಿ ನೋಡಿದ:
"ಅಂಕಲ್, ಮ್ಯಾಲಿಂದು ಎಲ್ಲಿ?"
"ಮ್ಯಾಲಿಂದು ಇಲ್ಲಪ್ಪ."
"ಅವರಿಗೆ ಥಂಡಿ ಹತ್ತತಿದ್ದಿಲ್ಲೇನು?"

ಸ್ಟೇಜಿನ ಮ್ಯಾಲೆ ರಾಜ ಭಾಳ ಹೊತ್ತು ಮಾತಾಡಿದ.
ನಮ್ಮ ಹದಿನೇಳರೊಳಗ ಅವ ನಾಲ್ಕನೇಯವ, ನೀಲಿ ಮಖಮಲ್ಲು.
ಹಿಂದ ನಾಲ್ಕು ಹುಡುಗರು
ಎದಿಗೆ ಕೈ ಕಟ್ಟಿ, ಬೆರಳು ಕಂಕುಳದಾಗ ಸಿಗಿಸಿ ನಿಂತಿದ್ದರು.
ಹಂಗ ನಿಲ್ಲಂತ ಯಾರೂ ಕಲಿಸಿರಲಿಲ್ಲ.

ರಿಜಿಸ್ಟರಿನ್ಯಾಗ ಹೊಸ ಹಾಳಿ ತಗದೀನಿ.
ರೈತ, ನಾಲ್ಕು. ಅರಿವಿ, ಒಂದೊಂದು ತುಂಡು.
ಬಾಡಿಗಿ: ಇನ್ನೂ ಬರದಿಲ್ಲ.
ವಾಪಸ್: ಮೂರು.
ನಾಲ್ಕನೇದು ದಾವಲನ ಅವ್ವ ಒಗದು,
ರೊಟ್ಟಿ ಸುತ್ತಾಕ ಛಲೋ ಐತಂತ
ಇಟಗೊಂಡಾಳ.