ಎಂಟನೇ ಸೀಟು

ಪ್ರುತ್ ಹೊಳೆಯ ಸೇತುವೆ ದಾಟುವ ಮುನ್ನ
ಗಾಜಿನ ಗೂಡಿನೊಳಗಿಂದ ಹೊಸ ಹುಡುಗ ಕೇಳುತ್ತಾನೆ:
ಪ್ರಯಾಣದ ಕಾರಣ?

ಹತ್ತೊಂಬತ್ತು ವರ್ಷವಾಯಿತು, ತಮ್ಮಾ,
ಶುಕ್ರವಾರ ಮೊಲ್ದೊವಾ ಬಿಟ್ಟು ಭಾನುವಾರ ಪಾದೊವಾ ಮುಟ್ಟುವ
ಈ ಬಿಳಿ ವ್ಯಾನಿನ ಸ್ಟೀರಿಂಗು ಹಿಡಿದು.
ಕಾರಣಗಳು ನನಗೆ ಕಿಲೋ ಲೆಕ್ಕದಲ್ಲಿ ಗೊತ್ತು.

ಹೋಗುವಾಗ ಹುಳಿಚೆರ್ರಿಯ ಸೀಸೆ, ಕುರಿಹಾಲಿನ ಉಪ್ಪುಗಿಣ್ಣು,
ಟವೆಲ್ಲಿನಲ್ಲಿ ಸುತ್ತಿದ ಅಕ್ರೋಟು.
ಬರುವಾಗ ಕಾಫಿಪುಡಿ, ಬಟ್ಟೆಸೋಪು, ಯಾರದೋ ಮನೆಯ ಹಳೇ ಪರದೆ,
ಒಂದು ಸಲ ಗಾಲಿಕುರ್ಚಿ.
ಅದರಲ್ಲಿ ಕೂರುತ್ತಿದ್ದ ಸಿನ್ಯೋರಾ ತೀರಿಕೊಂಡಳಂತೆ,
ಕೆಲಸ ಹೋಯಿತು, ಕುರ್ಚಿ ಉಳಿಯಿತು.

ಬಡತನ ಅಂತ ಬರೆದುಕೋ, ಸುಲಭ.
ಆದರೆ ನಮ್ಮೂರಿನ ಕಡುಬಡವ ಪಂತೆಲೈ ಎಲ್ಲಿಗೂ ಹೋಗಲಿಲ್ಲ.
ಹೋಗುವುದಕ್ಕೂ ದುಡ್ಡು ಬೇಕಲ್ಲ.
ಹೋದವಳು ಅಕ್ಸೀನ್ಯಾ, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು.
ಊರಿಗೆಲ್ಲ ಹೇಳಿದ್ದು: ಮಗಳ ಓದು.
ಹಂಗೇರಿಯ ಬಯಲಲ್ಲಿ, ರಾತ್ರಿ ಮೂರಕ್ಕೆ,
ಹಿಂದಿನವರೆಲ್ಲ ಗೊರಕೆ ಹೊಡೆಯುತ್ತಿರುವಾಗ
ಪಕ್ಕದ ಸೀಟಿನಿಂದ ಮೆಲ್ಲಗೆ ಅಂದಳು:
ಇಪ್ಪತ್ತು ವರ್ಷ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದೆ.
ಕೋಲಷ್ಟೇ ಊರೂರು ತಿರುಗಿತು.

ಝೀನಾ ಹೋದದ್ದು
ಎದುರುಮನೆಗೆ ಕೆಂಪು ತಗಡಿನ ಮಾಡು ಬಂದದ್ದಕ್ಕೆ.
ನಗಬೇಡ.
ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಆ ಕೆಂಪು ಮುಖಕ್ಕೇ ರಾಚುತ್ತದೆ.
ಅವಳ ತಂಗಿ ಹೋದದ್ದು ಝೀನಾ ಅಲ್ಲಿದ್ದಾಳೆಂದು.
ತಂಗಿಯ ಗೆಳತಿ, ಗಂಡ ಕೈ ಮಾಡುತ್ತಾನೆಂದು.
ಇದೇ ಗೂಡಿನಲ್ಲಿ ಅವಳು ಹೇಳಿದ್ದು: ಪ್ರವಾಸ.
ಕಣ್ಣಿನ ಕೆಳಗೆ ಪೌಡರು ದಪ್ಪಗಿತ್ತು.

ಪಾದೊವಾದ ಮುದುಕಿಯ ಮಗಳಿಗೆ ಜ್ಯೂರಿಕ್‌ನಲ್ಲಿ ಕೆಲಸ,
ಅದಕ್ಕೇ ಅಕ್ಸೀನ್ಯಾ ಆ ಅಡುಗೆಮನೆಯಲ್ಲಿ ಸೂಪು ಆರಿಸುತ್ತಾಳೆ.
ಈ ಸಲ ನಮ್ಮ ದ್ರಾಕ್ಷಿ ಕೊಯ್ಲಿಗೆ ಕೈಯಿಲ್ಲದೆ
ನೇಪಾಳದಿಂದ ಆರು ಜನ ಬಂದಿಳಿದರು.
ನಿಮ್ಮ ಪೈರು ಯಾರು ಕೊಯ್ತಾರೆ ಅಂತ ಸನ್ನೆಯಲ್ಲಿ ಕೇಳಿದೆ.
ಒಬ್ಬ ನಕ್ಕು,
ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ, ಹುಳಿಗೆ ಕಣ್ಣು ಮುಚ್ಚಿದ.

ಗಂಟಿಗೆ ಕಿಲೋಗೆ ಒಂದೂವರೆ ಯೂರೋ.
ಅಕ್ಟೋಬರಿನ ಸಂಜೆ ಡೊರಿನ್, ಎರಡನೇ ಕ್ಲಾಸು,
ಅಜ್ಜಿ ಕೊಟ್ಟ ಸೀಸೆ ಕೆಳಗಿಟ್ಟು
ತಾನೇ ತಕ್ಕಡಿ ಹತ್ತಿ ನಿಂತ. ಇಪ್ಪತ್ಮೂರು.
ಶೂ ಬಿಚ್ಚಿ ಮತ್ತೆ ಹತ್ತಿದ. ಇಪ್ಪತ್ತೆರಡೂವರೆ.
ನಾನು ಪೆನ್ನು ಕಳೆದುಕೊಂಡವನಂತೆ
ಜೇಬು ತಡಕಿದೆ, ಬಹಳ ಹೊತ್ತು.

ಇನ್ನೊಂದು ಮಾತು. ಎಂಟೂ ಸೀಟು ತುಂಬದಿದ್ದರೆ
ಡೀಸೆಲ್ಲಿನ ಕಾಸೂ ಹುಟ್ಟುವುದಿಲ್ಲ.
ಬುಧವಾರ ಸಂಜೆ ನಾನೇ ಫೋನು ಹಚ್ಚುತ್ತೇನೆ:
ಅಲ್ಲೊಬ್ಬ ಮುದುಕ ಇದ್ದಾನಂತೆ, ಒಳ್ಳೇ ಮನೆ,
ಬೇರೆ ಕೋಣೆ ಕೊಡ್ತಾರೆ, ಭಾನುವಾರ ರಜೆ.
ಕೆಲವರು ಹೋದದ್ದು ಅಷ್ಟಕ್ಕೇ,
ನನ್ನ ವ್ಯಾನಿನಲ್ಲಿ ಜಾಗವಿತ್ತು, ಫೋನು ಬಂತು.

ಇದನ್ನೆಲ್ಲ ಆ ಹುಡುಗನಿಗೆ ಹೇಳುವುದಿಲ್ಲ.
ಸಾಮಾನು ಸಾಗಣೆ, ಅನ್ನುತ್ತೇನೆ.
ಠಪ್ಪೆಂದು ಮುದ್ರೆ ಬೀಳುತ್ತದೆ.

ಈ ವಾರ ಎಂಟನೆಯದು ಇನ್ನೂ ಖಾಲಿ.
ನಿನ್ನೆ ರಾತ್ರಿ ಯಾರಿಗೆ ಫೋನು ಮಾಡಲೆಂದು ಯೋಚಿಸುತ್ತ
ಅಂಗಳದಲ್ಲಿ ಟೈರಿಗೆ ಗಾಳಿ ನೋಡುತ್ತಿದ್ದೆ.
ಒಳಗೆ ದೀಪದ ಕೆಳಗೆ ನನ್ನ ಲ್ಯೂಬಾ
ಮೊಟ್ಟೆಗಳನ್ನು ಬುಟ್ಟಿಯಿಂದ ತೆಗೆದು ಸಾಲಾಗಿ ಇಡುತ್ತ
ಎಣಿಸುತ್ತಿದ್ದಳು:
ಉನೊ, ದುಎ, ತ್ರೆ, ಕ್ವಾತ್ರೊ...
ಅಲ್ಲಿಗೆ ತಡವರಿಸಿ ನಿಂತಳು, ಮೊಟ್ಟೆ ಕೈಯಲ್ಲೇ.

ಹೊಸ್ತಿಲಾಚೆಯಿಂದ, ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತ,
ನಾನೇ ಹೇಳಿಕೊಟ್ಟೆ:
ಚಿಂಕ್ವೆ.